ಹತ್ತು ಪದದೊಳಗೆ ನನ್ನ ಬ್ಲಾಗು

ಅಸೂಯೆ ಎಂದರೆ ಜನ ಕಾರು, ಸೈಟು, ಒಡವೆ ಎಂದುಕೊಳ್ಳುತ್ತಾರೆ. ನನ್ನ ಅಸೂಯೆ ಆ ದರ್ಜೆಯದಲ್ಲ. ಪರಿಚಯದವರು ಯಾರಾದರೂ ಮೂರು ಮಹಡಿಯ ಮನೆ ಕಟ್ಟಿಸಿದರೆ ನಾನು ಗೃಹಪ್ರವೇಶಕ್ಕೆ ಹೋಗಿ, ಎರಡು ಸಲ ಪಾಯಸ ಹಾಕಿಸಿಕೊಂಡು, ಸಂತೋಷವಾಗಿಯೇ ಮನೆಗೆ ಬರುತ್ತೇನೆ. ನನ್ನ ಹೊಟ್ಟೆ ಉರಿಸುವವರು ಬೇರೆ ಜಾತಿಯ ಜನ. "ನೀವೇನು ಮಾಡುತ್ತೀರಿ?" ಎಂದು ಕೇಳಿದಾಗ ಒಂದೇ ಉಸಿರಿನಲ್ಲಿ, ತಡವರಿಸದೆ, ಕೇಳಿದವರಿಗೆ ಅರ್ಥವಾಗುವ ಹಾಗೆ ಉತ್ತರ ಕೊಟ್ಟು ಮುಗಿಸುತ್ತಾರಲ್ಲ, ಅವರು. "ನಾನು ಹಲ್ಲಿನ ಡಾಕ್ಟರು" ಎನ್ನುತ್ತಾರೆ, ಮುಗಿಯಿತು. ಎದುರಿಗಿದ್ದವರು ಆ ಕ್ಷಣವೇ ಬಾಯಿ ತೆರೆದು ದವಡೆ ಹಲ್ಲು ತೋರಿಸುತ್ತಾರೆ. ನನ್ನನ್ನು "ನೀವು ಬ್ಲಾಗು ಬರೆಯುತ್ತೀರಂತಲ್ಲ, ಯಾವುದರ ಬಗ್ಗೆ?" ಎಂದು ಕೇಳಿದರೆ ನಾನು "ಅದು ಹೇಗೆಂದರೆ, ಹೀಗೇ ಅಂತ ಹೇಳೋಕಾಗಲ್ಲ" ಎಂದು ಶುರು ಮಾಡಿ, ಕನ್ನಡದಲ್ಲಿ ಹಗುರ ಬರಹದ ಪರಂಪರೆಗೆ ಒಂದು ಸುತ್ತು ಹಾಕಿ, ನನ್ನ ಬಾಲ್ಯಕ್ಕೆ ಹೋಗಿ ವಾಪಸು ಬರುವಷ್ಟರಲ್ಲಿ ಕೇಳಿದವರು ಬೇರೆಯವರ ಜೊತೆ ಮಾತಿಗೆ ನಿಂತಿರುತ್ತಾರೆ.

ಇದರಲ್ಲಿ ಇನ್ನೂ ನಾಚಿಕೆಯ ಸಂಗತಿ ಎಂದರೆ, ಯಾವುದನ್ನಾದರೂ ಒಂದು ಸಾಲಿನಲ್ಲಿ ವಿವರಿಸುವುದೇ ನನ್ನ ಹೊಟ್ಟೆಪಾಡು. ಚೆನ್ನೈನ ಗಿಂಡಿಯಲ್ಲಿ ನೀರೆತ್ತುವ ಪಂಪು ತಯಾರಿಸುವ ಒಂದು ಕಂಪನಿಗೆ ನಾನು ಕ್ಯಾಟಲಾಗು ಬರೆಯುತ್ತೇನೆ. ನಮ್ಮಲ್ಲಿ ಎಂಬತ್ತು ಚಿಲ್ಲರೆ ಬಗೆಯ ಪಂಪುಗಳಿವೆ. ಒಂದೊಂದಕ್ಕೂ ಒಂದೊಂದು ಸಾಲು: ಏನನ್ನು ಎತ್ತುತ್ತದೆ, ಎಷ್ಟು ಎತ್ತರಕ್ಕೆ ಎತ್ತುತ್ತದೆ, ಯಾರಿಗೆ ಬೇಕು. ಕೆಸರೆತ್ತುವ ಪಂಪಿಗೂ ಕುಡಿಯುವ ನೀರಿನ ಪಂಪಿಗೂ ಗೊಂದಲವಾಗದ ಹಾಗೆ ಬರೆಯಬೇಕು, ಆದರೆ ಹನ್ನೆರಡು ಪದ ದಾಟಬಾರದು. ಹೊಸದಾಗಿ ಸೇರಿದವರಿಗೆ ಇದನ್ನು ನಾನೇ ಕಲಿಸಿಕೊಡುತ್ತೇನೆ. ಕಬ್ಬಿಣದ ಎಂಬತ್ತು ಯಂತ್ರಗಳು ಭೂಮಿಯ ಮೇಲೆ ಯಾಕೆ ಇವೆ ಎಂಬುದು ನನಗೆ ಕಂಠಪಾಠವಾಗಿದೆ. ನನ್ನ ಬ್ಲಾಗು ಯಾಕೆ ಇದೆ ಎಂಬುದು ಮಾತ್ರ ಆರು ವರ್ಷವಾದರೂ ಗೊತ್ತಾಗಿರಲಿಲ್ಲ.

ಬ್ಲಾಗಿನ ಹೆಸರು 'ಇರಲಿ ಬಿಡಿ'. ನಮ್ಮ ಮನೆ ತಿರುವೊಟ್ಟಿಯೂರಿನಲ್ಲಿದೆ. ಅಲ್ಲಿಂದ ಗಿಂಡಿಗೆ ಮೆಟ್ರೋದಲ್ಲಿ ಊರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಸೀಟು ಸಿಕ್ಕಿದ ದಿನ ಫೋನಿನಲ್ಲಿ ಟೈಪು ಮಾಡುತ್ತೇನೆ, ಸಿಗದ ದಿನ ನಿಂತುಕೊಂಡು ಯೋಚಿಸುತ್ತೇನೆ. ಹೀಗೆ ಸೇರಿದ ಬರಹಗಳು ನೂರ ನಲವತ್ತು. ಸಮುದ್ರದ ಗಾಳಿಯ ಮೇಲೆ ಒಂದು, ರೈಲಿನಲ್ಲಿ ನಿದ್ದೆ ಮಾಡುವುದರ ಮೇಲೆ ಒಂದು, ಮಧ್ಯಾಹ್ನದ ಊಟದ ಕ್ಯಾರಿಯರಿನ ಮೇಲೆ ಒಂದು, ನನ್ನ ಭಾವಮೈದುನನ ತಲೆಗೂದಲಿನ ಮೇಲೆ ಒಂದು. ಇವಕ್ಕೆಲ್ಲ ಒಂದು ಸೂತ್ರವಿದೆಯೇ ಎಂದು ಯಾರೂ ಕೇಳಿರಲಿಲ್ಲ. ಯಾಕೆಂದರೆ ಓದುವವರು ಹನ್ನೊಂದು ಜನ. ಅವರಲ್ಲಿ ನಾಲ್ಕು ಜನ ನನ್ನ ಹೆಂಡತಿಯ ತವರಿನವರು, ಭಾವಮೈದುನನ ಕೂದಲಿನ ಬರಹದ ನಂತರ ಅವರು ಮೂರು ಜನವಾಗಿದ್ದಾರೆ.

ವಿಷಯ ಕುತ್ತಿಗೆಗೆ ಬಂದದ್ದು ಒಂದು ಬುಧವಾರ. ಇಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ. ವರ್ಷಕ್ಕೊಮ್ಮೆ ಒಂದು ಕಲ್ಯಾಣ ಮಂಟಪದಲ್ಲಿ ಸೇರಿ ಬಿಸಿಬೇಳೆಭಾತು ತಿನ್ನುತ್ತೇವೆ, ಒಂದು ಪುಸ್ತಿಕೆ ಅಚ್ಚು ಹಾಕಿಸುತ್ತೇವೆ. ಈ ಸಲ ಪುಸ್ತಿಕೆಯಲ್ಲಿ 'ನಮ್ಮವರು ಬರೆಯುತ್ತಾರೆ' ಎಂಬ ಪುಟ ಇರುತ್ತದೆಂದು ಕಾರ್ಯದರ್ಶಿ ನಾಗೇಂದ್ರಯ್ಯನವರು ಗುಂಪಿಗೆ ಸಂದೇಶ ಕಳಿಸಿದರು. ಬ್ಲಾಗು ಇರುವವರು ಅದು ಯಾವುದರ ಬಗ್ಗೆ ಎಂದು ಹತ್ತು ಪದದೊಳಗೆ ಬರೆದು ಭಾನುವಾರ ಸಂಜೆಯೊಳಗೆ ಕಳಿಸಬೇಕು, ಅದನ್ನೇ ವೇದಿಕೆಯಲ್ಲೂ ಓದುತ್ತಾರೆ, ಕಳಿಸದವರ ಹೆಸರು ಇರುವುದಿಲ್ಲ. ನಾನು ಅದನ್ನು ಎರಡು ಸಲ ಓದಿದೆ. ಹನ್ನೆರಡು ವರ್ಷದಿಂದ ಈ ಊರಿನಲ್ಲಿ ನಾನು ಪಂಪಿನವನು. ಬಳಗದವರೂ ತಮ್ಮ ಮನೆಯ ಮೋಟಾರು ಕೆಟ್ಟಾಗ ಮಾತ್ರ ಫೋನು ಮಾಡುತ್ತಾರೆ. ನಾನೂ ಬರೆಯುವವನು ಎಂದು ಅಚ್ಚಿನಲ್ಲಿ, ಅದೂ ಕನ್ನಡದಲ್ಲಿ, ನಾಲ್ಕು ಜನರ ಮುಂದೆ ಅನ್ನಿಸಿಕೊಳ್ಳಬೇಕೆಂದು ನನಗೆ ಎಷ್ಟು ಆಸೆ ಇತ್ತೆಂಬುದು ಆ ದಿನವೇ ನನಗೆ ತಿಳಿದದ್ದು. ಸಂದೇಶ ಬಂದು ಹತ್ತು ನಿಮಿಷವಾಗಿರಲಿಲ್ಲ, ನಾಗೇಂದ್ರಯ್ಯನವರು ಇನ್ನೊಂದು ಕಳಿಸಿದರು. "ಕುಮುದಾ ಮಾಮಿಯವರು ಆಗಲೇ ಕಳಿಸಿದ್ದಾರೆ. ಎಲ್ಲರಿಗೂ ಮಾದರಿಗಾಗಿ ಹಾಕುತ್ತಿದ್ದೇನೆ: ಕನ್ನಡ ಮಾತಾಡಲು ಬಂದು ಓದಲು ಬಾರದವರಿಗೆ ನಮ್ಮಜ್ಜಿಯ ಹಾಡುಗಳು."

ಎಣಿಸಿದೆ. ಏಳು ಪದ. ಹತ್ತು ಪದದ ಅವಕಾಶ ಇದ್ದರೂ ಮೂರನ್ನು ಮುಟ್ಟದೆ ಉಳಿಸಿದ್ದರು. ನನಗೆ ಆ ಏಳು ಪದಗಳಿಗಿಂತ ಉಳಿದ ಮೂರರ ಮೇಲೆ ಹೆಚ್ಚು ಸಿಟ್ಟು ಬಂತು.

ಕುಮುದಾ ಮಾಮಿ ನಮ್ಮ ಕೆಳಗಿನ ಮನೆಯವರು. ಎಪ್ಪತ್ತರ ಹತ್ತಿರದ ವಯಸ್ಸು. ಅವರ ತಾತನ ಕಾಲಕ್ಕೇ ಮದರಾಸಿಗೆ ಬಂದ ವೈಷ್ಣವರ ಮನೆ. ತಾತ ಹಾರ್ಬರಿನ ಆಫೀಸಿನಲ್ಲಿ ಗುಮಾಸ್ತರಾಗಿ ರಾಯಪುರದಲ್ಲಿ ಮನೆ ಮಾಡಿದ್ದರಂತೆ. ನಾಲ್ಕು ತಲೆಮಾರಾದರೂ ಮನೆಯೊಳಗೆ ಕನ್ನಡ ಬಿಟ್ಟಿಲ್ಲ, ಆದರೆ ಆ ಕನ್ನಡಕ್ಕೆ ತಮಿಳು ಎಷ್ಟು ಬೆರೆತಿದೆಯೆಂದರೆ, "ಉಕ್ಕಾರ್ಕೋ" ಎಂದರೆ ಕುಳಿತುಕೋ ಎಂದು ತಿಳಿಯುವವರೆಗೆ ನಾನು ಅವರ ಮನೆಯಲ್ಲಿ ನಿಂತೇ ಕಾಫಿ ಕುಡಿಯುತ್ತಿದ್ದೆ. ಮಾಮಿ ಓದಿದ್ದು ತಮಿಳಿನಲ್ಲಿ, ಮೂವತ್ತು ವರ್ಷ ಪಾಠ ಹೇಳಿದ್ದು ತಮಿಳು ಶಾಲೆಯಲ್ಲಿ. ಕನ್ನಡದ ಒಂದು ಅಕ್ಷರವೂ ಅವರಿಗೆ ಓದಲು ಬರುವುದಿಲ್ಲ. ಹಾಗಾಗಿ ಅವರ ಮನೆಯ ಹಾಡಿನ ಪುಸ್ತಕಗಳೆಲ್ಲ ತಮಿಳು ಅಕ್ಷರದಲ್ಲಿವೆ. ಮಾತು ಕನ್ನಡ, ಲಿಪಿ ತಮಿಳು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಇರುವುದು ಒಂದೇ ಅಕ್ಷರವಾದ್ದರಿಂದ ಪಕ್ಕದಲ್ಲಿ ಚಿಕ್ಕದಾಗಿ ಎರಡು, ಮೂರು, ನಾಲ್ಕು ಎಂದು ಅಂಕಿ ಹಾಕಿಕೊಂಡು ಬರೆಯುತ್ತಾರೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಹೀಗೇ ಇಳಿದು ಬಂದ ತೊಟ್ಟಿಲ ಹಾಡು, ಆರತಿಯ ಹಾಡು, ಮದುವೆಯಲ್ಲಿ ಬೀಗಿತ್ತಿಯನ್ನು ಗೋಳು ಹೊಯ್ದುಕೊಳ್ಳುವ ಹಾಡುಗಳನ್ನು ಮಾಮಿ ನಾಲ್ಕು ತಿಂಗಳ ಹಿಂದೆ ಅದೇ ತಮಿಳು ಅಕ್ಷರ, ಅದೇ ಅಂಕಿಗಳ ಸಮೇತ ಒಂದು ಬ್ಲಾಗಿಗೆ ಏರಿಸತೊಡಗಿದರು.

ಏರಿಸಿದ್ದೇ ತಡ, ಜನ ಮುಗಿಬಿದ್ದರು. ಕುಂಭಕೋಣದಿಂದ, ಕೊಯಮತ್ತೂರಿನಿಂದ, ಸೇಲಂನಿಂದ ಕನ್ನಡದ ಮನೆಯವರು ತಮಿಳು ಅಕ್ಷರದ ಕನ್ನಡದಲ್ಲಿ ಪ್ರತಿಕ್ರಿಯೆ ಬರೆಯುತ್ತಿದ್ದರು. ನಾನೂ ಕೂತು ಓದಿದೆ. ನನ್ನ ತಮಿಳು ಓದು ಬಸ್ಸಿನ ಬೋರ್ಡಿನಷ್ಟರದು, ಆದ್ದರಿಂದ ಒಂದೊಂದೇ ಅಕ್ಷರ ಕೂಡಿಸಿಕೊಂಡು, "ನಮ್ಮ ಅತ್ತೆ ತೀರಿಹೋದ ಮೇಲೆ ಈ ಹಾಡು ಹೋಯಿತು ಅಂದುಕೊಂಡಿದ್ದೆ, ಮಾಮಿ, ಅಳು ಬಂತು" ಎಂಬುದನ್ನು ಓದಿ ಮುಗಿಸಲು ಐದು ನಿಮಿಷ ಹಿಡಿಯಿತು. ಐದು ನಿಮಿಷ ನಿಧಾನವಾಗಿ ಹೊಟ್ಟೆ ಉರಿದುಕೊಳ್ಳುವುದು ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನನ್ನ ಬ್ಲಾಗು ಓದಿ ಇದುವರೆಗೆ ಯಾರೂ ಅತ್ತಿಲ್ಲ. ಭಾವಮೈದುನ ಒಬ್ಬ ಬೇಸರ ಮಾಡಿಕೊಂಡ, ಅಷ್ಟೇ. ಅಪ್ಪಟ ಹಳೇ ಮೈಸೂರಿನ ಕನ್ನಡದಲ್ಲಿ, ಒತ್ತಕ್ಷರ ತಪ್ಪದೆ, ಆರು ವರ್ಷದಿಂದ ಬರೆಯುತ್ತಿರುವ ನಾನು ಹನ್ನೊಂದು ಜನರನ್ನು ಹಿಡಿದಿಡಲು ಒದ್ದಾಡುತ್ತಿದ್ದರೆ, ಕನ್ನಡದ ಅಆಇಈ ಗೊತ್ತಿಲ್ಲದವರು ನಾಲ್ಕೇ ತಿಂಗಳಲ್ಲಿ ಕನ್ನಡ ಸೇವೆ ಮಾಡಿ ಜನರ ಕಣ್ಣಲ್ಲಿ ನೀರು ತರಿಸುವುದು ಯಾವ ನ್ಯಾಯ ಎಂದು ನಾನು ನನ್ನ ಹೆಂಡತಿ ಸುಧಾಳನ್ನು ಕೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಅವರಿಗೆ ಹೇಳೋಕೆ ಏನೋ ಇದೆ, ಹೇಳ್ತಿದಾರೆ. ನೀವೂ ನಿಮ್ಮದು ಯಾವುದರ ಬಗ್ಗೆ ಅಂತ ಬರೆದು ಕಳಿಸಿ, ಮುಗೀತು" ಎಂದಳು.

"ಅದೇ ಯಾವುದರ ಬಗ್ಗೆ ಅಂತ ನೀನೇ ಹೇಳು. ನೀನು ಓದ್ತೀಯಲ್ಲ."

ಅವಳು ಒಂದು ಟವೆಲನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಮಡಿಸಿದಳು. "ಓದ್ತೀನಿ. ಆದ್ರೆ ನಾನು ನೀವು ಬರೆದಿದೀರಲ್ಲ ಅಂತ ಓದೋದು, ಯಾವುದರ ಬಗ್ಗೆ ಅಂತ ನೋಡೋಕೆ ಹೋಗಿಲ್ಲ" ಎಂದಳು. ಮಗಳು ಅನಘಾ ಅಲ್ಲೇ ಸೋಫಾದ ಮೇಲೆ ಮಲಗಿ ಫೋನು ನೋಡುತ್ತಿದ್ದಳು. ಒಂಬತ್ತನೇ ತರಗತಿ. ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲಿ. "ಅಪ್ಪಾ, ಅದು ಉನ್ನೋಡ ಡೈರಿ. ಆನಾ ಯಾರ್ ವೇಣಾಲುಂ ಪಡಿಕ್ಕಲಾಂ" ಎಂದಳು. ಅಂದರೆ, ಅದು ನನ್ನ ಡೈರಿ, ಆದರೆ ಯಾರು ಬೇಕಾದರೂ ಓದಬಹುದು. ಅಪ್ಪನಿಗೆ ಇಷ್ಟು ಸಮಾಧಾನ ಹೆಚ್ಚಾಯಿತು ಎನಿಸಿತೋ ಏನೋ, "ಪಡಿಕ್ಕಲಾಂ. ಪಡಿಕ್ಕಿರಾಂಗಳಾ, ತೆರಿಯಾದು" ಎಂದು ಸೇರಿಸಿದಳು. ಓದಬಹುದು, ಓದುತ್ತಾರೋ ಇಲ್ಲವೋ ಗೊತ್ತಿಲ್ಲ. ಇವಳೂ ಎರಡೇ ಸಾಲಿನಲ್ಲಿ ಹೇಳಿ ಮುಗಿಸಿದ್ದಳು ಎಂಬುದನ್ನು ನಾನು ಗಮನಿಸಿದೆ. ಸ್ವಂತ ಮಗಳ ಮೇಲೆ ಅಸೂಯೆ ಪಡುವುದು ಸರಿಯಲ್ಲವೆಂದು ಎದ್ದುಹೋದೆ.

ಮಾರನೆಯ ದಿನ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಸೆಲ್ವಂನನ್ನು ಕೇಳಿದೆ. ಅವನು ಪಂಪಿನ ನಕ್ಷೆ ಬಿಡಿಸುವವನು, ಬ್ಲಾಗಿನ ವಿಷಯ ಕೇಳಿ ಬಹಳ ಗಂಭೀರವಾಗಿ, "ಸಾರ್, ಅದು ಎದುಕ್ಕು?" ಎಂದ. ಯಾತಕ್ಕೆ, ಎಂದರ್ಥ. ಹೊಸ ಪಂಪು ಬಂದಾಗ ನಾವು ಮೊದಲು ಕೇಳುವ ಪ್ರಶ್ನೆಯೂ ಅದೇ. ಸರಿ, ಗೊತ್ತಿರುವ ದಾರಿಯಲ್ಲೇ ಹೋಗೋಣವೆಂದು ಕ್ಯಾಟಲಾಗಿನ ಹಾಳೆ ತೆಗೆದು ಬ್ಲಾಗನ್ನು ಅದರಲ್ಲಿ ಕೂರಿಸಿದೆ. ಏನನ್ನು ಎತ್ತುತ್ತದೆ? ದಿನನಿತ್ಯದ ಸಂಗತಿಗಳನ್ನು. ಎಷ್ಟು ಎತ್ತರಕ್ಕೆ? ಸಾಧಾರಣ. ಯಾರಿಗೆ? ಹನ್ನೊಂದು ಜನರಿಗೆ. ಎಲ್ಲ ಸೇರಿ, 'ದಿನನಿತ್ಯದ ಸಣ್ಣ ಸಂಗತಿಗಳನ್ನು ಸಾಧಾರಣ ಎತ್ತರಕ್ಕೆ ಎತ್ತುವ, ಸೋರಿಕೆಯಿಲ್ಲದ ಕನ್ನಡ ಬ್ಲಾಗು' ಎಂದಾಯಿತು. ಪದಗಳೇನೋ ಒಂಬತ್ತೇ. ಮನೆಗೆ ಬಂದು ಸುಧಾಳಿಗೆ ಓದಿದೆ. ಅವಳು ಯೋಚಿಸಿ, ಸೋರಿಕೆಯಿಲ್ಲದ ಎನ್ನುವುದು ಸುಳ್ಳು ಎಂದಳು.

ಆ ಮಧ್ಯೆ ನಾನು ಎರಡು ಸಣ್ಣತನ ಮಾಡಿದೆ. ಹೇಳಿಕೊಳ್ಳಲು ಕೂತ ಮೇಲೆ ಮುಚ್ಚಿಡುವುದೇನು. ಮೊದಲನೆಯದು, ಮೆಟ್ರೋದಲ್ಲಿ ಬರುತ್ತಾ ಮಾಮಿಯ ಮೇಲೆ ಒಂದು ಬರಹ ಬರೆದೆ. ಹೆಸರು 'ಏಳು ಪದದ ಮಹಾರಾಣಿ'. ಆರು ವರ್ಷದಲ್ಲಿ ಅಷ್ಟು ಸಲೀಸಾಗಿ ನಾನು ಯಾವುದನ್ನೂ ಬರೆದಿರಲಿಲ್ಲ, ಇಳಿಯುವ ನಿಲ್ದಾಣ ಬರುವ ಮೊದಲೇ ಮುಗಿದುಹೋಯಿತು. ಪ್ರಕಟಿಸುವ ಧೈರ್ಯವಿಲ್ಲದೆ ಹಾಗೇ ಇಟ್ಟುಕೊಂಡೆ. ಎರಡನೆಯದು, ಶುಕ್ರವಾರ ಮಾಮಿಯ ಬ್ಲಾಗಿಗೆ ಹೋಗಿ ಒಂದು ತೊಟ್ಟಿಲ ಹಾಡನ್ನು ಅಕ್ಷರ ಅಕ್ಷರ ಜಾಲಾಡಿ, ಒಂದು ಕಡೆ ಮೂರರ ಅಂಕಿ ಬಿಟ್ಟುಹೋಗಿರುವುದನ್ನು ಪತ್ತೆ ಹಚ್ಚಿ, ಎಲ್ಲರಿಗೂ ಕಾಣುವ ಹಾಗೆ, ತಿಣುಕಿಕೊಂಡು ತಮಿಳು ಅಕ್ಷರದಲ್ಲೇ ಪ್ರತಿಕ್ರಿಯೆ ಹಾಕಿದೆ. "ಇಂಥ ತಪ್ಪುಗಳಿಂದ ಭಾಷೆಗೆ ಅಪಚಾರವಾಗುತ್ತದೆ" ಎಂಬ ಧಾಟಿಯಲ್ಲಿತ್ತು. ಅರ್ಧ ಗಂಟೆಯಲ್ಲಿ ಮಾಮಿ ಅಂಕಿ ಹಾಕಿ, ಕೆಳಗೆ, "ನಮ್ಮ ಮೇಲಿನ ಮನೆ ಶ್ರೀಧರ ತಿದ್ದಿ ಕೊಟ್ಟಿದಾನೆ. ರೊಂಬ ಪಡಿಚ್ಚವನು. ಎಲ್ಲಾರೂ ಅವನಿಗೆ ನನ್ರಿ ಹೇಳಿ" ಎಂದು ಬರೆದರು. ಬಹಳ ಓದಿದವನು, ಧನ್ಯವಾದ ಹೇಳಿ, ಎಂದರ್ಥ. ಹದಿನಾಲ್ಕು ಜನ ನನಗೆ ನನ್ರಿ ಹೇಳಿದರು. ನನ್ನ ಸ್ವಂತ ಬ್ಲಾಗಿನಲ್ಲಿ ಆರು ವರ್ಷದಲ್ಲಿ ನನಗೆ ಸಿಕ್ಕ ಧನ್ಯವಾದಗಳನ್ನೆಲ್ಲ ಒಟ್ಟುಮಾಡಿದರೂ ಅಷ್ಟಾಗುತ್ತಿರಲಿಲ್ಲ. ಅಸೂಯೆಪಟ್ಟು ಹೊಡೆದ ಕಲ್ಲಿಗೆ ಹೂವಿನ ಹಾರ ಹಾಕಿ ವಾಪಸು ಕಳಿಸಿದರೆ ಮನುಷ್ಯ ಏನು ಮಾಡಬೇಕು?

ಶನಿವಾರ ಬೆಳಿಗ್ಗೆ ತರಕಾರಿ ತರಲು ಇಳಿಯುತ್ತಿದ್ದೆ. ಮೊದಲ ಮಹಡಿಯಲ್ಲಿ ಬಾಗಿಲು ತೆರೆದಿತ್ತು. ಮಾಮಿ ನೆಲದ ಮೇಲೆ ಹಳೇ ಪೇಪರು ಹಾಸಿ, ನುಗ್ಗೆಸೊಪ್ಪಿನ ರಾಶಿಯ ಮುಂದೆ ಕೂತಿದ್ದರು.

"ಬಾಪ್ಪಾ ಶ್ರೀಧರಾ, ಒಳಗೆ ಬಾ, ಉಕ್ಕಾರ್ಕೋ. ನೀನು ತಪ್ಪು ಹಿಡಿದ್ಯಲ್ಲ, ನಲ್ಲದಾಯ್ತು. ನಮ್ಮ ಅಮ್ಮ ಇದ್ದಿದ್ರೆ ನಂಗೆ ಬೈತಿದ್ರು" ಎಂದರು.

ನಾನು ಕೂತೆ. ಅವರ ಮುಖದಲ್ಲಿ ಕುಹಕವೇನಾದರೂ ಇದೆಯೇ ಎಂದು ನೋಡಿದೆ. ಎಳ್ಳಷ್ಟೂ ಇರಲಿಲ್ಲ. ಅದೂ ನನಗೆ ಇಷ್ಟವಾಗಲಿಲ್ಲ. ಬಳಗಕ್ಕೆ ಸಾಲು ಕಳಿಸಿದೆಯಾ ಎಂದು ಅವರೇ ಕೇಳಿದರು. ಇನ್ನೂ ಇಲ್ಲ, ಹೊಳೆಯುತ್ತಿಲ್ಲ ಎಂದೆ. ತಾವು ಯೋಚನೆಯನ್ನೇ ಮಾಡಲಿಲ್ಲವೆಂದೂ, ನಾಗೇಂದ್ರಯ್ಯ ಫೋನಿನಲ್ಲಿ ಕೇಳಿದಾಗ ಒಗ್ಗರಣೆ ಹಾಕುತ್ತಿದ್ದೆನೆಂದೂ, ಬಾಯಿಗೆ ಬಂದದ್ದನ್ನು ಹೇಳಿದೆನೆಂದೂ, ಅವರೇ ಬರೆದುಕೊಂಡರೆಂದೂ ಮಾಮಿ ಹೇಳಿದರು. ಒಗ್ಗರಣೆ ಹಾಕುತ್ತಾ. ನಾನು ಮೂರು ದಿನದಿಂದ ಊಟ ರುಚಿಸದೆ ಓಡಾಡುತ್ತಿದ್ದೆ.

"ನೀನು ಏನು ಬರೀತೀಯೋ ನಂಗೆ ತೆರಿಯಾದಪ್ಪಾ. ನಿನ್ನ ಅಕ್ಷರ ನಂಗೆ ಬರಲ್ಲ" ಎಂದರು ಮಾಮಿ. "ನೀನೇ ಓದು, ಕೇಳ್ತೀನಿ. ಸೊಪ್ಪು ಬಿಡಿಸೋ ವರೆಕ್ಕೂ ಟೈಮಿದೆ."

ಬರೆಯುವವನಿಗೆ ಓದು ಎಂದರೆ ಬೇಡವೆನ್ನಲು ಬರುತ್ತದೆಯೇ. ತರಕಾರಿಯ ಚೀಲವನ್ನು ಬದಿಗಿಟ್ಟು ಫೋನು ತೆಗೆದೆ. ಮೊದಲು ಸಮುದ್ರದ ಗಾಳಿಯ ಬರಹ ಓದಿದೆ. ನಮ್ಮ ಕಟ್ಟಡದಲ್ಲಿ ಪೂರ್ವದ ಕಡೆಯ ಮನೆಗಳಿಗೆ ಸಂಜೆ ನಾಲ್ಕಕ್ಕೆ ಸಮುದ್ರದ ಗಾಳಿ ಬರುತ್ತದೆ, ಪಶ್ಚಿಮದ ಕಡೆಯ ನಮಗೆ ಆ ಮನೆಯವರು "ಏನು ಗಾಳಿ ರೀ" ಎನ್ನುವ ಮಾತು ಮಾತ್ರ ಬರುತ್ತದೆ ಎಂಬಲ್ಲಿ ಮಾಮಿ ಸೊಪ್ಪಿನ ಕಡ್ಡಿ ಕೈಯಲ್ಲಿ ಹಿಡಿದು ನಕ್ಕರು. ಆಮೇಲೆ ಮೆಟ್ರೋದಲ್ಲಿ ನಿಂತೇ ನಿದ್ದೆ ಮಾಡಿ ತನ್ನ ನಿಲ್ದಾಣಕ್ಕೆ ಸರಿಯಾಗಿ ಕಣ್ಣು ಬಿಡುವ ಮನುಷ್ಯನದು. ಆಮೇಲೆ ಸೆಲ್ವಂನ ನಾಲ್ಕು ಅಂತಸ್ತಿನ ಊಟದ ಕ್ಯಾರಿಯರಿನದು, ಮೇಲಿನ ಅಂತಸ್ತಿನಲ್ಲಿ ದಿನಕ್ಕೊಂದು ಬಗೆಯ ಗರಿಗರಿ ಹುರಿದ ವರುವಲ್ ಇರುವುದು, ನನ್ನ ಡಬ್ಬಿಯಲ್ಲಿ ನಿನ್ನೆಯ ಚಿತ್ರಾನ್ನ ನನ್ನನ್ನೇ ನೋಡುತ್ತಿರುವುದು. ಭಾವಮೈದುನನಿಗೆ ಐವತ್ತರಲ್ಲೂ ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲಿರುವುದನ್ನು ಓದುವಾಗ ಮಾಮಿ ಕಣ್ಣೊರೆಸಿಕೊಂಡರು. ನಗುವಿನಿಂದ ಬಂದ ನೀರು, ಆದರೂ ನೀರೇ. ನನ್ನ ಬರಹ ಕೇಳಿ ಒಬ್ಬರ ಕಣ್ಣು ಒದ್ದೆಯಾಯಿತೆಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಮುಂದಿನದಕ್ಕೆ ಹೋಗಲು ಬೆರಳಾಡಿಸುವಾಗ ಎಲ್ಲಕ್ಕಿಂತ ಮೇಲಿದ್ದ 'ಏಳು ಪದದ ಮಹಾರಾಣಿ' ಕಂಡಿತು. ಸರಕ್ಕನೆ ಅದನ್ನು ದಾಟಿಸಿದೆ.

"ಒಂದು ಬಿಟ್ಬಿಟ್ಟೆ, ಮೇಲಿದ್ದು" ಎಂದರು ಮಾಮಿ. ಅಕ್ಷರ ಬರದಿದ್ದರೂ ಅವರ ಕಣ್ಣು ನನ್ನ ಬೆರಳಿನ ಮೇಲಿತ್ತು.

"ಅದು ಇನ್ನೂ ಮುಗಿದಿಲ್ಲ, ಮಾಮಿ."

"ಪರವಾಯಿಲ್ಲೆ, ಇರೋ ವರೆಕ್ಕೂ ಓದು."

ಫೋನನ್ನು ಜೇಬಿಗೆ ಹಾಕಲು ಹೊರಟೆ. ಅಷ್ಟರಲ್ಲಿ, ಇವರಿಗೆ ಕನ್ನಡ ಓದಲು ಬರುವುದಿಲ್ಲವಲ್ಲ ಎಂಬುದು ನೆನಪಾಯಿತು. ನೆನಪಾದದ್ದೇ ಧೈರ್ಯ ಬಂತು. ಓದತೊಡಗಿದೆ. ಫೋನಿನಲ್ಲಿ "ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಸಾಹಿತಿ ಹುಟ್ಟಿಕೊಂಡಿದ್ದಾರೆ, ಅಕ್ಷರಗಳ ಪರಿಚಯ ಇನ್ನೂ ಆಗಬೇಕಿದೆ" ಎಂದಿತ್ತು. ನನ್ನ ಬಾಯಿ "ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಅವರ ಪರಿಚಯ ನನ್ನ ಭಾಗ್ಯ" ಎಂದಿತು. ಫೋನಿನಲ್ಲಿ "ಅಂಕಿಗಳ ಮಧ್ಯೆ ಅಕ್ಷರ ಹುಡುಕಬೇಕಾದ ಇವರ ಹಾಡುಗಳನ್ನು ಓದಿದರೆ ಗಣಿತದ ಪರೀಕ್ಷೆ ಬರೆದ ಹಾಗಾಗುತ್ತದೆ" ಎಂದಿತ್ತು. ಬಾಯಿ "ಇವರ ಹಾಡುಗಳನ್ನು ಓದಿದರೆ ಮನಸ್ಸು ತುಂಬಿ ಬರುತ್ತದೆ" ಎಂದಿತು. "ಮೂರು ಪದ ಉಳಿಸಿದ ಜಿಪುಣತನ" ಎನ್ನುವುದು "ಮಿತವಾದ ನುಡಿ" ಆಯಿತು. ಹೀಗೆ ಒಂದು ಪುಟವನ್ನು ಕಣ್ಣಿನಿಂದ ಬೈದು ನಾಲಿಗೆಯಿಂದ ಹೊಗಳಿ ಮುಗಿಸುವಷ್ಟರಲ್ಲಿ ನನಗೆ ಎರಡು ಆಳಿನ ಕೆಲಸ ಮಾಡಿದಷ್ಟು ಸುಸ್ತಾಗಿತ್ತು. ತಲೆಯೆತ್ತಿ ನೋಡಿದರೆ ಮಾಮಿ ನಗುತ್ತಿರಲಿಲ್ಲ.

"ಇದು ನೀನು ಬರ್ದಿದ್ದಾ?" ಎಂದರು.

"ಹೌದು, ಮಾಮಿ."

"ಚೆನ್ನಾಗಿಲ್ಲಪ್ಪಾ. ಶಾಲು ಹೊದಿಸೋವಾಗ ಸ್ಟೇಜ್ ಮೇಲೆ ಓದ್ತಾರಲ್ಲ, ಆ ಮಾದಿರಿ ಇದೆ. ಮೊದಲು ಓದಿದ್ಯಲ್ಲ, ಗಾಳಿದು, ಕೂದಲಿಂದು, ಅದ್ರಲ್ಲೆಲ್ಲ ನೀನಿದ್ದೆ. ಇದ್ರಲ್ಲಿ ನೀನೇ ಇಲ್ಲೆ." ಅವರು ಸೊಪ್ಪನ್ನು ಮೊರಕ್ಕೆ ಹಾಕುತ್ತಾ ಬಹಳ ನಿಧಾನವಾಗಿ ಮುಂದುವರಿಸಿದರು. "ಮುಪ್ಪತ್ತು ವರ್ಷ ಪಿಳ್ಳೆಗಳಿಗೆ ಪಾಠ ಮಾಡಿದೀನಿ. ಪುಸ್ತಕ ನೋಡಿ ಓದ್ತಾನಾ, ಇಲ್ಲೆ ಸೊಂದಮಾ ತಾನೇ ಕಟ್ಟಿ ಹೇಳ್ತಾನಾ ಅಂತ ನಂಗೆ ತೆರಿಯಾದಾ? ನಿನ್ನ ಕಣ್ಣು ಒಂದು ಕಡೆ ನಿಂತಿದೆ, ಬಾಯಿ ಎಲ್ಲೋ ಹೋಗ್ತಿದೆ. ಶರಿ, ಪರವಾಯಿಲ್ಲೆ. ಬರ್ದಿರೋದನ್ನ ಇನ್ನೊಂದು ದಿನ ಬಂದು ಓದು."

ನನಗೆ ಆ ಪೇಪರಿನ ಕೆಳಗೆ ತೂರಿಕೊಳ್ಳಬೇಕೆನಿಸಿತು. ಕ್ಷಮೆ ಕೇಳೋಣವೆಂದು ಬಾಯಿ ತೆರೆದವನು, ನಾಚಿಕೆಯಿಲ್ಲದೆ ಬೇರೆಯೇ ಕೇಳಿದೆ. "ಮಾಮಿ, ಹಾಗಾದ್ರೆ ನನ್ನ ಬ್ಲಾಗು ಯಾವುದರ ಬಗ್ಗೆ?"

"ಇದೇನು ಕಷ್ಟ? ಗಾಳಿ ಅವರಿಗೆ ಬರುತ್ತೆ, ನಿಂಗೆ ಬರಲ್ಲ. ನಿದ್ದೆ ಅವನಿಗೆ ಬರುತ್ತೆ, ನಿಂಗೆ ಬರಲ್ಲ. ಎಲ್ಲಾದ್ರಲ್ಲೂ ಅದೇ. ಉರಿಯೋದು ನಿನ್ನ ಹೊಟ್ಟೆ, ನಗೋದು ನಾವು. ಅವ್ವಳವುದಾನ್" ಎಂದರು. ಅಷ್ಟೇ, ಎಂದರ್ಥ. ಎಂದವರು ಸೊಪ್ಪು ತೊಳೆಯಲು ಒಳಗೆ ಎದ್ದುಹೋದರು.

ಮೆಟ್ಟಿಲ ಮೇಲೆ ನಿಂತು ಬೆರಳು ಮಡಿಸಿ ಎಣಿಸಿದೆ. ಉರಿಯುವುದು ನನ್ನ ಹೊಟ್ಟೆ, ನಗುವುದು ನೀವು. ಐದು ಪದ. ಅವರದೇ ಏಳಿತ್ತು, ನನ್ನದಕ್ಕೆ ಐದರಲ್ಲಿ ಮುಗಿಸಿದ್ದರು. ನಿಜ ಹೇಳುತ್ತೇನೆ, ಆಗ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೃತಜ್ಞತೆಯೂ ಅಲ್ಲ. ನೂರ ನಲವತ್ತು ಬರಹ ಬರೆದವನು ನಾನು, ಅವುಗಳಲ್ಲಿ ನಾಲ್ಕೈದನ್ನು ಸೊಪ್ಪು ಬಿಡಿಸುತ್ತಾ ಕೇಳಿದವರಿಗೆ ಇದು ಹೊಳೆದದ್ದು ಹೇಗೆ ಎಂಬ ಸಂಕಟ. ಮನೆಗೆ ಹೋಗಿ ಒಂದೊಂದೇ ಬರಹ ತೆಗೆದು ನೋಡಿದೆ. ಎಲ್ಲಾದರೂ ಒಂದರಲ್ಲಾದರೂ ನಾನು ನನ್ನಲ್ಲಿರುವುದರ ಬಗ್ಗೆ ಬರೆದಿದ್ದೇನೆಯೇ ಎಂದು ಹುಡುಕಿದೆ. ಒಂದು ಸಿಕ್ಕಿತು. ನನ್ನ ಹೊಸ ಕನ್ನಡಕದ ಮೇಲಿನದು. ಓದಿ ನೋಡಿದರೆ ಎರಡನೇ ಪ್ಯಾರಾದಲ್ಲೇ ಕನ್ನಡಕವಿಲ್ಲದೆ ದಿನಪತ್ರಿಕೆ ಓದುವ ನಮ್ಮ ವಾಚ್‌ಮನ್ನಿನ ಕಡೆ ಹೊರಳಿತ್ತು. ಭಾನುವಾರ ಸಂಜೆ ಐದು ಪದವನ್ನು ನಾಗೇಂದ್ರಯ್ಯನವರಿಗೆ ಕಳಿಸಿದೆ. ಯಾರು ಹೇಳಿಕೊಟ್ಟರು ಎಂದು ಬರೆಯಲಿಲ್ಲ. ಅವರೂ ಕೇಳಲಿಲ್ಲ.

ವಾರ್ಷಿಕೋತ್ಸವದ ದಿನ ಆ ಸಾಲನ್ನು ಓದಿದಾಗ ಇಡೀ ಮಂಟಪ ನಕ್ಕಿತು. ಪುಸ್ತಿಕೆಯಲ್ಲಿ ನನ್ನ ಹೆಸರು, ಬ್ಲಾಗಿನ ಹೆಸರು, ಕೆಳಗೆ ಐದು ಪದ. ನಾನು ಅದನ್ನು ಎಷ್ಟು ಸಲ ಬಿಡಿಸಿ ನೋಡಿದೆನೆಂದರೆ ಪುಸ್ತಿಕೆ ಆ ಪುಟಕ್ಕೇ ತೆರೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿತು. ಊಟದ ಹೊತ್ತಿನಲ್ಲಿ ಮೂರು ಜನ ಬಂದು ಬ್ಲಾಗನ್ನು ಎಲ್ಲಿ ಓದಬಹುದೆಂದು ಕೇಳಿದರು. ಮೋಟಾರಿನ ಮಾತೇ ಬರಲಿಲ್ಲ. ಅವರಲ್ಲಿ ಒಬ್ಬರು, "ಸಾಲು ಬಹಳ ಚೆನ್ನಾಗಿದೆ ಸಾರ್, ನೀವೇ ಬರೆದದ್ದಾ?" ಎಂದರು. ಎರಡು ಹೆಜ್ಜೆ ಆಚೆ ಮಾಮಿ ಎಲೆತಟ್ಟೆ ಹಿಡಿದು ಪಾಯಸಕ್ಕೆ ಕಾಯುತ್ತಿದ್ದರು. ನಾನು "ಹೌದು" ಎಂದೆ. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾಮಿ ನಮ್ಮ ಕಡೆ ತಿರುಗಿದರು. ಈಗ ಮರ್ಯಾದೆ ಹೋಯಿತು ಎಂದುಕೊಂಡೆ. "ಅವನು ರೊಂಬ ಚೆನ್ನಾಗಿ ಬರೀತಾನೆ. ನಾನು ಕೇಳಿದೀನಿ" ಎಂದು ಅವರಿಗೆ ಹೇಳಿ, ತಟ್ಟೆಯನ್ನು ಮುಂದೆ ಒಡ್ಡಿದರು.

ವಾಪಸು ಮೆಟ್ರೋದಲ್ಲಿ ಒಟ್ಟಿಗೇ ಬಂದೆವು. ಈಗ ಏನಾದರೂ ಅನ್ನುತ್ತಾರೆ, ಒಂದು ಮಾತಾದರೂ ಚುಚ್ಚುತ್ತಾರೆ ಎಂದು ನಾನು ಕಾಯುತ್ತಲೇ ಇದ್ದೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ಮಾಮಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ತಮ್ಮ ಸಾಲನ್ನು ಇನ್ನೊಬ್ಬರು ತಮ್ಮದೆಂದು ಹೇಳಿಕೊಂಡು ಪಕ್ಕದಲ್ಲೇ ಕೂತಿರುವಾಗ ನಿದ್ದೆ ಹೋಗುವುದು ಹೇಗೆ ಸಾಧ್ಯವೆಂದು ನನಗೆ ತಿಳಿಯಲಿಲ್ಲ. ನಾನಾಗಿದ್ದರೆ ಒಂದು ವಾರ ನಿದ್ದೆ ಮಾಡುತ್ತಿರಲಿಲ್ಲ, ಆಮೇಲೆ ಅದನ್ನೇ ಬರೆಯುತ್ತಿದ್ದೆ. ಹೊಟ್ಟೆಕಿಚ್ಚು ಎಂಬುದೇ ಇಲ್ಲದ ಆ ಮುಖವನ್ನು ತಿರುವೊಟ್ಟಿಯೂರು ಬರುವವರೆಗೆ ನೋಡುತ್ತಾ, ಅವರ ಹಾಡುಗಳಿಗಿಂತ, ಅವರ ಓದುಗರಿಗಿಂತ, ಆ ಏಳು ಪದಕ್ಕಿಂತ ಹೆಚ್ಚಾಗಿ ನಾನು ಅದರ ಮೇಲೆ ಅಸೂಯೆಪಟ್ಟೆ.

ಅದನ್ನೆಲ್ಲ ಸೇರಿಸಿ, 'ಏಳು ಪದದ ಮಹಾರಾಣಿ'ಯನ್ನು ಅಳಿಸಿ ಹೊಸದಾಗಿ ಬರೆದದ್ದೇ ಈ ಬರಹ. ಸುಳ್ಳು ಹೇಳಿದ್ದು, ಅಂಕಿ ಹುಡುಕಿದ್ದು, ಕಣ್ಣಿನಿಂದ ಬೈದದ್ದು, ಯಾವುದನ್ನೂ ಬಿಡಲಿಲ್ಲ. ನಿನ್ನೆ ಬೆಳಿಗ್ಗೆ ಕೆಳಗಿನ ಮನೆಗೆ ಹೋಗಿ, ಕೂತು, ಮೊದಲಿನಿಂದ ಕೊನೆಯವರೆಗೆ ಒಂದು ಪದವನ್ನೂ ಬದಲಿಸದೆ ಓದಿದೆ. ಮಾಮಿ ಈ ಸಲ ಕೈಯಲ್ಲಿ ಏನೂ ಕೆಲಸ ಇಟ್ಟುಕೊಳ್ಳದೆ ಕೇಳಿದರು. ಮೂರು ಕಡೆ ನಕ್ಕರು. ಮುಗಿದ ಮೇಲೆ ನಾನು ಪರೀಕ್ಷೆ ಬರೆದ ಹುಡುಗನ ಹಾಗೆ ಅವರ ಮುಖ ನೋಡಿದೆ.

"ಇದು ಚೆನ್ನಾಗಿದೆಪ್ಪಾ" ಎಂದರು. "ಆನಾ ಎದುಕ್ಕು ಇಷ್ಟು ಉದ್ದ? ಇದನ್ನ ನಾನು ಅವತ್ತೇ ಒಂದು ಲೈನಲ್ಲಿ ಹೇಳ್ಬಿಟ್ನಲ್ಲ."